ಬಿಸ್ಕತ್ತಿನ ಬಣ್ಣದ ಪ್ಲಗ್ಗು

ಹಲ್ಲಿನ ಡಾಕ್ಟರು ಅಂದು ಮಧ್ಯಾಹ್ನದಿಂದ ಗ್ಯಾರೇಜಿನಲ್ಲಿ ನಾಲ್ಕು ಕಡೆ ಕೂತು ನೋಡಿದ್ದರು. ಮೊದಲು ಯಾವುದೋ ಕಾರಿನಿಂದ ಬಿಚ್ಚಿಟ್ಟ ಹಿಂದಿನ ಸೀಟಿನ ಮೇಲೆ, ಆಮೇಲೆ ಟೈರುಗಳ ಗುಪ್ಪೆಯ ಮೇಲೆ, ಆಮೇಲೆ ಆಯಿಲ್ ಡಬ್ಬವೊಂದನ್ನು ಬೋರಲು ಹಾಕಿಕೊಂಡು, ಕೊನೆಗೆ ಕೌಂಟರಿನ ಹಿಂದಿನ ಕುರ್ಚಿಯಲ್ಲಿ. ಕೂತಲ್ಲೆಲ್ಲ ಅವರ ಬಲಗಾಲು ಹೊಲಿಗೆ ಯಂತ್ರ ತುಳಿಯುವಂತೆ ಕುಣಿಯುತ್ತಿತ್ತು. ಊರಿನವರನ್ನೆಲ್ಲ ಮಲಗಿಸಿ ಬಾಯಿ ತೆರೆಸಿ 'ಅಲುಗಾಡಬೇಡಿ' ಎಂದು ಗದರುವುದೇ ಕಸುಬಾಗಿದ್ದ ಮನುಷ್ಯನಿಗೆ ತಾನು ಅಲುಗಾಡದೆ ಇರುವ ವಿದ್ಯೆ ಮಾತ್ರ ಹತ್ತಿರಲಿಲ್ಲ.

"ಡಾಕ್ಟ್ರೇ, ಆ ಕುರ್ಚಿಗೆ ಮೂರೇ ಕಾಲು ಗಟ್ಟಿ. ನಾಲ್ಕನೇದು ನಾನು ಕೂತಾಗ ಹೆದರಿ ನಿಂತಿರುತ್ತೆ, ನಿಮಗೆ ಹೆದರಲ್ಲ," ಎಂದರು ಕೌಂಟರಿನ ಒಡತಿ. ಡಾಕ್ಟರು ಎದ್ದು ಮತ್ತೆ ಟೈರುಗಳ ಕಡೆ ಹೋದರು.

ಗ್ಯಾರೇಜು ಒಂದೇ ಮನೆಯ ಮೂವರದು. ಬಿಡಿಭಾಗ, ಫೋನು, ಜಗಳ ಇವು ಅತ್ತೆಯ ಪಾಲು. ಬಿಚ್ಚುವುದು, ಜೋಡಿಸುವುದು ಸೊಸೆಯ ಪಾಲು. ಮಾವನ ಪಾಲಿಗಿದ್ದದ್ದು ತೀರ್ಪು. ಸೊಸೆಯ ಗಂಡ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದ. ಪೆಟ್ರೋಲಿನ ವಾಸನೆಗೆ ಅವನಿಗೆ ತಲೆ ಸುತ್ತುತ್ತಿತ್ತು. ಹೀಗಾಗಿ ಮನೆಯ ಕಸುಬು ಮಗನನ್ನು ದಾಟಿ ಸೊಸೆಯ ಕೈಗೆ ಬಂದಿತ್ತು. ಹತ್ತು ವರ್ಷದಿಂದ ಅವಳು ಮಾಡಿದ ಕೆಲಸವೆಲ್ಲ ಮಾವನ ಹೆಸರಿನಲ್ಲೇ ಗೇಟು ದಾಟಿತ್ತು. ಡಾಕ್ಟರ ಈ ಎಂಜಿನ್ ಮಾತ್ರ ಮೊದಲ ನಟ್ಟಿನಿಂದ ಕೊನೆಯ ನಟ್ಟಿನವರೆಗೆ ಅವಳದು. ಐದು ತಿಂಗಳು ಹಿಡಿದಿತ್ತು. ಭಾನುವಾರ ಕಾರುಗಳ ಗುಡ್ಡ ಹತ್ತುವ ಪಂದ್ಯ. ಅಲ್ಲಿ ಎಂಜಿನ್ ಕೈಕೊಟ್ಟರೆ ಪ್ಲಗ್ಗಿನ ಹೆಸರನ್ನು ಯಾರೂ ಎತ್ತುವುದಿಲ್ಲ, ಡಾಕ್ಟರ ಕಾಲಿನ ಹೆಸರನ್ನೂ ಎತ್ತುವುದಿಲ್ಲ. 'ಆ ಹೆಂಗಸು ಕಟ್ಟಿದ್ದಂತಲ್ಲ' ಎನ್ನುತ್ತಾರೆ, ಅಷ್ಟೇ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬೆಳಗಿನಿಂದ ಒಂದೇ ಸ್ಪ್ಯಾನರನ್ನು ಮೂರು ಸಲ ಒರೆಸಿದ್ದಳು.

ಎಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ಗುಗಳಲ್ಲಿ ಬಿಸಿಯದು, ತಂಪಿನದು ಎಂದು ಎರಡು ಬಗೆ. ಕಿಡಿ ಹಾರುವ ಮೂತಿಯ ಕಾವನ್ನು ಬೇಗ ಹೊರಕ್ಕೆ ಸಾಗಿಸಿಬಿಟ್ಟರೆ ಅದು ತಂಪಿನದು. ಮೂತಿಯಲ್ಲೇ ಹಿಡಿದಿಟ್ಟುಕೊಂಡರೆ ಬಿಸಿಯದು. ಈ ಗ್ಯಾರೇಜು ತರಿಸುತ್ತಿದ್ದ ಪ್ಲಗ್ಗುಗಳ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ತಂಪು. ಕಾರ್ಖಾನೆಯಿಂದ ಬಂದಾಗ ಡಾಕ್ಟರ ಕಾರಿನಲ್ಲಿ ಆರನೇ ನಂಬರಿನವು ಇದ್ದವು. ಈಗ ಅದೇ ಎಂಜಿನ್ನಿನ ಮೇಲೆ ಸೂಪರ್‌ಚಾರ್ಜರ್ ಕೂತಿತ್ತು. ಬೆಲ್ಟಿನಿಂದ ತಿರುಗುತ್ತ, ಎಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಒಂದೂವರೆ ಪಟ್ಟು ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಗಾಳಿ ಹೆಚ್ಚಿದರೆ ಪೆಟ್ರೋಲು ಹೆಚ್ಚಬೇಕು, ಎರಡೂ ಹೆಚ್ಚಿದರೆ ಕಾವು ಹೆಚ್ಚುತ್ತದೆ. ಆರು ನಡೆಯುವುದಿಲ್ಲ ಎಂಬುದರಲ್ಲಿ ಮನೆಯಲ್ಲಿ ಒಮ್ಮತವಿತ್ತು. ಕಿಡಿ ಹಾರುವ ಸಂದನ್ನು ಕಿರಿದು ಮಾಡಬೇಕು, ಇಲ್ಲದಿದ್ದರೆ ಒತ್ತಿ ಬರುವ ಗಾಳಿ ಕಿಡಿಯನ್ನೇ ಊದಿ ಆರಿಸುತ್ತದೆ ಎಂಬುದರಲ್ಲೂ ಒಮ್ಮತವಿತ್ತು. ಏಳೋ ಎಂಟೋ ಎಂಬಲ್ಲಿ ಇರಲಿಲ್ಲ.

"ಏಳು," ಎಂದರು ಮಾವ. "ಒಂದು ಮೆಟ್ಟಿಲು ಸಾಕು. ಎಂಟು ಹಾಕಿದ್ರೆ ನಿಂತಲ್ಲೇ ಮಸಿ ಹಿಡಿಯುತ್ತೆ. ಇವರು ಇದೇ ಕಾರಲ್ಲಿ ಕೆಲಸಕ್ಕೆ ಹೋಗ್ಬೇಕು, ಹೆಂಡ್ತಿನ ತರಕಾರಿಗೂ ಕರ್ಕೊಂಡು ಹೋಗ್ಬೇಕು."

"ಭಾನುವಾರ ತರಕಾರಿಗೆ ಹೋಗ್ತಿಲ್ಲ ಮಾವ. ಎರಡು ನಿಮಿಷ ಪೂರ್ತಿ ತುಳಿದಿರ್ತಾರೆ. ಏಳು ತಡೆಯಲ್ಲ. ಮೂತಿ ಕೆಂಪಗೆ ಕಾದುಬಿಟ್ರೆ ಕಿಡಿ ಬರೋಕೆ ಮುಂಚೇನೇ ಹತ್ಕೊಳುತ್ತೆ, ಪಿಸ್ಟನ್ ತೂತಾಗುತ್ತೆ."

"ತೂತು ಅನ್ಬೇಡಮ್ಮ, ನನ್ನ ಕಸುಬಲ್ಲೇ ದಿನಾ ನೋಡ್ತೀನಿ," ಎಂದರು ಡಾಕ್ಟರು.

"ತಡೆಯುತ್ತೋ ಇಲ್ವೋ ನೀನ್ಯಾಕೆ ಹೇಳ್ಬೇಕು, ನಾನ್ಯಾಕೆ ಹೇಳ್ಬೇಕು?" ಎಂದರು ಮಾವ. "ಪ್ಲಗ್ಗೇ ಹೇಳುತ್ತೆ. ಏಳು ಹಾಕು. ಓಡಿಸಿ ಓದೋಣ."

ಓದುವುದು ಎಂದರೆ ಓದುವುದೇ. ಮಾವನಿಗೆ ಈ ಕಸುಬಿನವರೆಲ್ಲ ಇಟ್ಟಿದ್ದ ಹೆಸರು ಭೂತಗನ್ನಡಿ. ಪೂರ್ತಿ ವೇಗದಲ್ಲಿರುವ ಎಂಜಿನ್ನನ್ನು ತಟ್ಟನೆ ಆರಿಸಿ, ಪ್ಲಗ್ಗು ಬಿಚ್ಚಿ, ಅದರ ಮೂತಿಯ ಪಿಂಗಾಣಿಗೆ ಭೂತಗನ್ನಡಿ ಹಿಡಿದು, ಒಳಗೆ ಏನು ನಡೆದಿದೆ ಎಂದು ನಲವತ್ತು ವರ್ಷದಿಂದ ಹೇಳುತ್ತ ಬಂದವರು. ಮಸಿ ಕಪ್ಪಾಗಿದ್ದರೆ ಪ್ಲಗ್ಗು ತೀರ ತಂಪು. ಸುಣ್ಣದಂತೆ ಬೆಳ್ಳಗಿದ್ದರೆ ತೀರ ಬಿಸಿ. ಬಿಸ್ಕತ್ತಿನ ಬಣ್ಣವಿದ್ದರೆ ಸರಿ. ದೂರದೂರದ ಮೆಕ್ಯಾನಿಕ್ಕುಗಳು ಪ್ಲಗ್ಗುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಮಗುವನ್ನು ಡಾಕ್ಟರಿಗೆ ತೋರಿಸಲು ತಂದವರ ಮುಖ ಮಾಡಿಕೊಂಡು ಬರುತ್ತಿದ್ದರು.

ಗೋದಾಮುಗಳ ಹಿಂದೆ ಉದ್ದಕ್ಕೆ ನೇರವಾದ ರಸ್ತೆಯೊಂದಿತ್ತು. ಡಾಕ್ಟರು ಸ್ಟಿಯರಿಂಗ್ ಹಿಡಿದರು, ಸೊಸೆ ಪಕ್ಕದಲ್ಲಿ ಕೂತಳು, ಅವಳ ಬೆರಳು ಎಂಜಿನ್ ಆರಿಸಲೆಂದೇ ತಾನು ಜೋಡಿಸಿದ್ದ ಸ್ವಿಚ್ಚಿನ ಮೇಲಿತ್ತು. ಸೂಪರ್‌ಚಾರ್ಜರ್ ಕೀಚಲು ದನಿ ತೆಗೆಯಿತು. ಕಂಬಗಳು ಒಂದಕ್ಕೊಂದು ಅಂಟಿಕೊಂಡವು. ಮೂರನೇ ಗೇರಿನ ತುದಿಯಲ್ಲಿ "ಈಗ!" ಎಂದು ಸ್ವಿಚ್ಚು ಒತ್ತಿದಳು. ಡಾಕ್ಟರು ಕ್ಲಚ್ಚು ತುಳಿದರು. ಆಮೇಲೆ ಟೈರಿನ ಸದ್ದು ಮಾತ್ರ. ಕಾರು ತನ್ನಷ್ಟಕ್ಕೆ ಉರುಳುತ್ತ ಹೋಗಿ ನಿಂತಿತು.

ಮಾವ ಆಟೋದಲ್ಲಿ ಹಿಂದೆಯೇ ಬಂದಿಳಿದು ಸೊಸೆ ಬಿಚ್ಚಿಕೊಟ್ಟ ಪ್ಲಗ್ಗನ್ನು ಕೈಗೆ ತೆಗೆದುಕೊಂಡರು, ಭೂತಗನ್ನಡಿ ಏರಿಸಿದರು, ಒಂದು ಕಣ್ಣು ಮುಚ್ಚಿದರು. ಆಟೋದವನೂ ಉಸಿರು ಬಿಗಿಹಿಡಿದ.

"ಬಿಸ್ಕತ್ತು," ಎಂದರು. "ಹದವಾಗಿ ಬೆಂದಿರೋ ಬಿಸ್ಕತ್ತು. ಏಳೇ ಇರಲಿ."

ಡಾಕ್ಟರ ಕಾಲು ಮೊದಲ ಸಲ ನಿಂತಿತು. ಸೊಸೆ ಪ್ಲಗ್ಗು ಇಸಿದುಕೊಂಡಳು. ಪಿಂಗಾಣಿ ಹೊಸ ಬಟ್ಟಲಿನಷ್ಟು ಬೆಳ್ಳಗಿತ್ತು. ಅದರ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳು. ಅವುಗಳಲ್ಲಿ ಎರಡು ಮೂರು ಮಿನುಗುತ್ತಿದ್ದವು. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗುವುದಕ್ಕೆ ಮುಂಚೆ ಹೀಗೆ ಚೀಟಿ ಕಳಿಸುತ್ತದೆ ಎಂದು ಅವಳಿಗೆ ಹೇಳಿಕೊಟ್ಟವರು ಇದೇ ಮಾವ.

"ಮಾವ, ಇದು ಬೆಳ್ಳಗಿದೆ ಅಲ್ವಾ?"

"ಬೆಳ್ಳಗಾ? ಬಿಸಿಲಲ್ಲಿ ನಿಂತಿದೀಯ. ಬಾ ನೆರಳಿಗೆ."

ನೆರಳಿಗೆ ಹೋದಳು. ನೆರಳಿನಲ್ಲೂ ಬೆಳ್ಳಗಿತ್ತು.

ಗ್ಯಾರೇಜಿಗೆ ಬಂದ ಮೇಲೆ ಅವಳು ಕೂರಲಿಲ್ಲ. ಪೆಟ್ರೋಲು ಕಡಿಮೆ ಬಿದ್ದರೂ ಪ್ಲಗ್ಗು ಬೆಳ್ಳಗಾಗುತ್ತದೆ. ಆದ್ದರಿಂದ ಪೆಟ್ರೋಲಿನ ಒತ್ತಡ ನೋಡಿದಳು, ಸರಿಯಿತ್ತು. ನಾಲ್ಕೂ ಸಿಲಿಂಡರುಗಳ ಬಿಗಿ ಅಳೆದಳು. ಪುಣ್ಯಕ್ಕೆ ಇನ್ನೂ ಏನೂ ಕೆಟ್ಟಿರಲಿಲ್ಲ. ಪ್ಲಗ್ಗನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು, ಕಿಟಕಿಗೆ ಹಿಡಿದಳು, ಬಚ್ಚಲಮನೆಯ ಬಲ್ಬಿಗೂ ಹಿಡಿದಳು. ನಲವತ್ತು ವರ್ಷದಲ್ಲಿ ತಪ್ಪದ ಕಣ್ಣು ಇಂದು ತಪ್ಪಿತೇ? ತನ್ನದೇ ತಪ್ಪಿದ್ದರೆ? ಎಂಟು ಬೇಕೆಂದು ಹಟ ಹಿಡಿದವರಿಗೆ ಏಳು ಬೆಳ್ಳಗೆ ಕಾಣುವುದೇನು ಹೊಸದಲ್ಲ. ಊಟಕ್ಕೆ ಕೂತಾಗ ಗಂಡ, "ಉಪ್ಪು ಕೊಡು," ಎಂದರೆ "ಏಳೋ ಎಂಟೋ?" ಎಂದಳು. ಆತ ಭೂಗೋಳದವನಾದ್ದರಿಂದ ಯಾವುದಕ್ಕೂ ಇರಲಿ ಎಂದು ಎದ್ದುಹೋಗಿ ತಾನೇ ತಂದುಕೊಂಡ.

ಶನಿವಾರ ಬೆಳಿಗ್ಗೆ ಗ್ಯಾರೇಜಿನ ಶಟರು ಅರ್ಧ ಏರುವಷ್ಟರಲ್ಲಿ ಅದರ ಕೆಳಗಿಂದ ಡಾಕ್ಟರು ಬಗ್ಗಿ ಒಳಗೆ ಬಂದರು. ಕಣ್ಣು ನೋಡಿದರೆ ನಿದ್ದೆ ಬಂದಿರಲಿಲ್ಲ.

"ಯಜಮಾನ್ರೇ, ಬಿಸ್ಕತ್ತು ಅಂದ್ರೆ ಯಾವ ಬಿಸ್ಕತ್ತು?"

"ಯಾವ ಬಿಸ್ಕತ್ತು ಅಂದ್ರೆ? ಬಿಸ್ಕತ್ತು!"

"ಅಲ್ಲ, ನಮ್ಮನೇಲೇ ಐದು ಥರ ಇವೆ. ರಾತ್ರಿಯೆಲ್ಲ ಅದೇ ಯೋಚನೆ." ಡಾಕ್ಟರು ಕೈಚೀಲದಿಂದ ಲೋಹದ ಪಟ್ಟಿಯೊಂದನ್ನು ತೆಗೆದರು. ಅದರ ಉದ್ದಕ್ಕೂ ಹದಿನಾರು ಪಿಂಗಾಣಿ ಹಲ್ಲುಗಳು, ಬೆಳ್ಳನೆಯದರಿಂದ ಕಂದಿನವರೆಗೆ ಸಾಲಾಗಿ, ಒಡೆಯರಿಲ್ಲದೆ ನಗುತ್ತಿದ್ದವು. "ನೋಡಿ, ನನ್ನ ಹತ್ರ ಬಂದವರೂ ಹೀಗೇ. ಬಿಳಿ ಹಲ್ಲು ಕಟ್ಟಿ ಅಂತಾರೆ. ಯಾವ ಬಿಳಿ ಅಂದ್ರೆ ಹಾಲಿನ ಬಿಳಿ ಅಂತಾರೆ. ಹಾಗೇ ಕಟ್ಟಿ ಕಳಿಸಿದ್ರೆ ಬಾಯಲ್ಲಿ ಬಚ್ಚಲ ಟೈಲ್ಸ್ ಕೂರಿಸಿದ ಹಾಗಿರುತ್ತೆ. ಬಣ್ಣಕ್ಕೆ ಹೆಸರಿಟ್ರೆ ಪ್ರಯೋಜನ ಇಲ್ಲ, ನಂಬರ್ ಬೇಕು. ಪ್ಲಗ್ಗೂ ಪಿಂಗಾಣಿ, ಇದೂ ಪಿಂಗಾಣಿ. ಯಾವ ಹಲ್ಲಿಗೆ ಸರಿ ಹೋಗುತ್ತೆ ಹೇಳಿ, ನಂಬರ್ ಬರ್ಕೊಂಡು ನೆಮ್ಮದಿಯಾಗಿ ಹೋಗ್ತೀನಿ."

"ನೆಮ್ಮದಿ! ನೀವು!" ಎಂದರು ಅತ್ತೆ.

ಮಾವನಿಗೆ ಇದೊಂದು ತಮಾಷೆ. ನಿನ್ನೆಯ ಪ್ಲಗ್ಗು ತರಿಸಿಕೊಂಡರು. ಹಲ್ಲಿನ ಸಾಲಿನ ಪಕ್ಕ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸರಿಸಿದರು, ಮತ್ತೆ ಹಿಂದಕ್ಕೆ ತಂದರು. ಸೊಸೆಯ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಇದೇ," ಎಂದರು ಮಾವ, ಒಂದು ಹಲ್ಲಿನ ಮೇಲೆ ಉಗುರಿಟ್ಟು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಬಿಸ್ಕತ್ತು."

ಡಾಕ್ಟರು ಬಗ್ಗಿ ನೋಡಿದರು. ಪಟ್ಟಿ ತಿರುಗಿಸಿ ಹಿಂದಿನ ಅಂಕಿ ನೋಡಿದರು. ಮತ್ತೆ ಹಲ್ಲು ನೋಡಿದರು.

"ಯಜಮಾನ್ರೇ, ಇದು ಮೊದಲನೇ ನಂಬರು. ಎಲ್ಲಕ್ಕಿಂತ ಬಿಳಿ. ಸಿನಿಮಾದವರು ಬಿಟ್ರೆ ಇದನ್ನ ಯಾರೂ ಕೇಳಲ್ಲ."

"ಇದು ಬಿಳಿಯಾ?" ಮಾವ ನಕ್ಕರು. "ಹಾಗಾದ್ರೆ ನಿಮ್ಮ ಪಟ್ಟಿಯಲ್ಲಿ ಬಿಸ್ಕತ್ತು ಎಲ್ಲಿದೆ ತೋರಿಸಿ."

ಡಾಕ್ಟರು ಹನ್ನೊಂದನೆಯದನ್ನು ತೋರಿಸಿದರು.

"ಅದು ಕಾಫಿ ಪುಡಿ," ಎಂದರು ಮಾವ. ಹೇಳಿದ ಮೇಲೆ ಸೊಸೆಯ ಮುಖ ನೋಡಿದರು. ಅವಳು ನಗಲಿಲ್ಲ. ಹೆಂಡತಿಯ ಮುಖ ನೋಡಿದರು. ಅವಳೂ ನಗಲಿಲ್ಲ.

"ಅದಕ್ಕೇ!" ಎಂದರು ಅತ್ತೆ, ಕುರ್ಚಿಯಿಂದ ಎದ್ದು. "ಆರು ತಿಂಗಳಿಂದ ಷರಟು ಹಳದಿ, ಷರಟು ಹಳದಿ ಅಂತ ನನ್ನ ಜೀವ ತಿಂದ್ರಲ್ರೀ! ಮೂರು ಸೋಪು ಬದಲಾಯಿಸಿದೆ. ಪಕ್ಕದ ಮನೆಯವಳ ಹತ್ರ ಹೋಗಿ ನೀನು ಹೇಗೆ ಒಗೀತೀಯ ಅಂತ ಕೇಳಿ ಬಂದೆ, ಮೂವತ್ತೈದು ವರ್ಷ ಸಂಸಾರ ಮಾಡಿ! ಷರಟು ಬೆಳ್ಳಗಿದೆ. ನಿಮ್ಮ ಕಣ್ಣೇ ಹಳದಿ."

"ಪೊರೆ ಇರ್ಬೇಕು," ಎಂದರು ಡಾಕ್ಟರು ಮೆಲ್ಲನೆ. "ಹಳದಿ ಗಾಜಿನ ಹಿಂದಿನಿಂದ ನೋಡಿದ ಹಾಗೆ ಆಗುತ್ತೆ. ಎರಡನ್ನೂ ಅದೇ ಗಾಜಲ್ಲಿ ನೋಡಿದ್ರಿ, ಅದಕ್ಕೆ ಹೋಲಿಕೆ ಸರಿಯಾಗೇ ಸಿಕ್ತು. ನನ್ನ ಷಡ್ಡಕ ಕಣ್ಣಿನ ಡಾಕ್ಟ್ರು. ಅರ್ಧ ಗಂಟೆ ಕೆಲಸ."

ಮಾವ ಪ್ಲಗ್ಗನ್ನು ಬೆಂಚಿನ ಮೇಲೆ ಸದ್ದಾಗದಂತೆ ಇಟ್ಟರು. ಗೇಟಿನವರೆಗೆ ಹೋದರು, ಬಂದರು. ಮತ್ತೆ ಹೋದರು. ಡಾಕ್ಟರ ಚಡಪಡಿಕೆ ಮಾವನಿಗೆ ಹತ್ತಿತೋ ಏನೋ, ಡಾಕ್ಟರೇ ಈಗ ಗೊಂಬೆಯಂತೆ ನಿಂತಿದ್ದರು.

"ಬೇಕರಿಯವನ ವ್ಯಾನು," ಎಂದರು ಮಾವ, ಮೂರನೇ ಸಲ ವಾಪಸು ಬಂದವರು. "ಆ ಹಳೇ ಆಂಬುಲೆನ್ಸು. ಎಲ್ಲಾ ಈ ಆರು ತಿಂಗಳಲ್ಲೇ ಓದಿದ್ದು."

"ಅವನ್ನೆಲ್ಲ ನಾನು ಸರ್ವಿಸ್ ಮಾಡಿದೀನಿ ಮಾವ. ಚೆನ್ನಾಗಿವೆ. ಸಾದಾ ಎಂಜಿನ್ನು, ಕಾರ್ಖಾನೆಯವರು ಹೇಳಿದ ಪ್ಲಗ್ಗೇ ಇದೆ."

"ನಿನ್ನೆ ಬೆಳ್ಳಗಿದೆ ಅಂದೆ. ಮತ್ಯಾಕೆ ಸುಮ್ಮನಾದೆ?"

"ನೀವು ಬಿಸ್ಕತ್ತು ಅಂದ್ರಲ್ಲ."

"ನಾನು ಅಂದ್ರೆ? ನಾಳೆ ಗುಡ್ಡದ ಮೇಲೆ ಪಿಸ್ಟನ್ ತೂತಾಗಿ ನಿಂತಾಗ, ನಮ್ಮ ಮಾವ ಬಿಸ್ಕತ್ತು ಅಂದ್ರು ಅಂತ ಹೇಳ್ತಿದ್ಯಾ?" ದನಿ ಜೋರಾಯಿತು, ಯಾರ ಮೇಲೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಕೇಳಿದರು: "ಈಗ ಹೇಳು. ಏಳೋ ಎಂಟೋ? ನಾನು ಬಾಯಿ ಬಿಡಲ್ಲ."

ಇದು ನ್ಯಾಯವಲ್ಲ ಎನಿಸಿತು ಅವಳಿಗೆ. ಬೇಡ ಎನ್ನುವವರು ಎದುರಿಗಿದ್ದಾಗ ಎಂಟು ಎಷ್ಟು ಖಚಿತವಾಗಿತ್ತು! ಎಂಟು ತೀರ ತಂಪಾದರೆ? ಅರ್ಧ ದಾರಿಯಲ್ಲಿ ಮಸಿ ಹಿಡಿದು ಕೆಮ್ಮಿದರೆ?

"ಎಂಟು," ಎಂದಳು.

ಮಾವ ನಿಜವಾಗಿಯೂ ಬಾಯಿ ಬಿಡಲಿಲ್ಲ. ಅತ್ತೆ ಎಂಟನೇ ನಂಬರಿನ ನಾಲ್ಕು ಡಬ್ಬಿ ತಂದು ಬೆಂಚಿನ ಮೇಲಿಟ್ಟರು.

ಮಧ್ಯಾಹ್ನ ಅದೇ ರಸ್ತೆ, ಅದೇ ಸ್ವಿಚ್ಚು. ಈ ಸಲ ಮೂತಿ ತಿಳಿಗಂದಾಗಿತ್ತು, ಚುಕ್ಕೆಗಳಿರಲಿಲ್ಲ. ಅವಳಿಗೆ ಕುಣಿಯಬೇಕೆನಿಸಿತು. ಆದರೆ ವಾಪಸು ಬರುವಾಗ ರೈಲ್ವೆ ಗೇಟು ಬಿದ್ದಿತ್ತು. ಎಂಜಿನ್ ನಿಂತಲ್ಲೇ ಹತ್ತು ನಿಮಿಷ ಗುರುಗುಟ್ಟಿತು, ಹನ್ನೊಂದನೇ ನಿಮಿಷ ತಡವರಿಸಿತು, ಹನ್ನೆರಡನೇ ನಿಮಿಷ ಒಂದು ಸಿಲಿಂಡರು ಸತ್ಯಾಗ್ರಹಕ್ಕೆ ಕೂತಿತು. ಹಿಂದಿನ ಲಾರಿಯವನು ಹಾರ್ನಿನಲ್ಲಿ ತನ್ನ ಅಭಿಪ್ರಾಯ ತಿಳಿಸಿದ. ಬಿಚ್ಚಿದರೆ ಪ್ಲಗ್ಗು ಕಾಡಿಗೆಯಷ್ಟು ಕಪ್ಪು. ನಾಳೆ ಗುಡ್ಡದ ಬುಡದಲ್ಲಿ ಇಪ್ಪತ್ತೇಳು ಕಾರುಗಳ ಸಾಲು. ಎಂಜಿನ್ ಬಿಸಿ ಇಟ್ಟುಕೊಂಡೇ ಕಡಿಮೆಯೆಂದರೆ ಮುಕ್ಕಾಲು ಗಂಟೆ ತೆವಳಬೇಕು.

ಅಂದರೆ ಏಳಾದರೆ ಗುಡ್ಡದ ಮೇಲೆ ಸಾಯುತ್ತದೆ, ಎಂಟಾದರೆ ಗುಡ್ಡದ ಬುಡದಲ್ಲೇ. ಅವಳು ಗ್ಯಾರೇಜಿನ ಉದ್ದ ಅಗಲ ಅಳೆಯತೊಡಗಿದಳು. ಡಾಕ್ಟರು ಎದುರು ದಿಕ್ಕಿನಿಂದ ಅಳೆಯುತ್ತಿದ್ದರು. ಎರಡು ಸಲ ಡಿಕ್ಕಿಯಾಯಿತು.

"ಬಾಯಿ ಬಿಡಲಾ?" ಎಂದರು ಮಾವ.

"ಬಿಡಿ ಮಾವ, ದಯವಿಟ್ಟು."

"ಏಳು ಹಾಕ್ಕೊಂಡು ಸಾಲಲ್ಲಿ ನಿಲ್ಲಿ. ಎಂಟು ಹಾಕ್ಕೊಂಡು ಗುಡ್ಡ ಹತ್ತಿ."

"ಅಲ್ಲೇ ಬದಲಾಯಿಸೋದಾ? ಎಂಜಿನ್ ಕಾದಿರುತ್ತೆ. ಬಿಸಿ ಅಲ್ಯೂಮಿನಿಯಂ ಅಂದ್ರೆ ಬೆಣ್ಣೆ. ಒಂದು ಸುತ್ತು ಓರೆ ಹೋದ್ರೆ ಪ್ಲಗ್ಗು ಕೂರೋ ತೂತಿನ ಥ್ರೆಡ್ಡೇ ಕಿತ್ತು ಬರುತ್ತೆ. ನನ್ನ ಕೈಗೆ ಇನ್ನೂ ಅಷ್ಟು ಹದ ಬಂದಿಲ್ಲ."

"ನಿನ್ನ ಕೈ ಯಾರು ಕೇಳಿದ್ರು? ಥ್ರೆಡ್ಡಿಗೆ ಬಣ್ಣ ಇರಲ್ಲ. ಅದನ್ನ ನಾನು ನೋಡ್ಕೋತೀನಿ."

ಭಾನುವಾರ ಗುಡ್ಡದ ಬುಡದಲ್ಲಿ ಇಪ್ಪತ್ತೇಳು ಎಂಜಿನ್ನುಗಳು ಒಟ್ಟಿಗೆ ಗೊಣಗುತ್ತಿದ್ದವು. ಏಳನೇ ನಂಬರಿನ ಮೇಲೆ ಡಾಕ್ಟರ ಕಾರು ಸಭ್ಯ ಗೃಹಸ್ಥನಂತೆ ಮುಂದೆ ಮುಂದೆ ಸರಿಯಿತು. ಬಾವುಟ ಹಿಡಿದವನು ಬಂದು, "ಇನ್ನು ಮೂರು ಕಾರು," ಎಂದ.

"ಆರಿಸಿ!" ಎಂದರು ಮಾವ.

ಸೊಸೆ ಬಾನೆಟ್ಟು ಎತ್ತಿದಳು. ಕಾವು ಮುಖಕ್ಕೆ ಬಡಿಯಿತು. ಮಾವ ಕಣ್ಣು ಮುಚ್ಚಿಕೊಂಡೇ ಬಗ್ಗಿದರು. ಮೊದಲನೆಯದು ಬಂತು. ಹೊಸ ಪ್ಲಗ್ಗಿನ ಬಾಲಕ್ಕೆ ರಬ್ಬರ್ ಕೊಳವೆಯ ತುಂಡು ಸಿಕ್ಕಿಸಿ, ಕೊಳವೆಯನ್ನು ಎರಡೇ ಬೆರಳಲ್ಲಿ ತಿರುಗಿಸಿದರು. ಓರೆಯಾದರೆ ರಬ್ಬರು ಜಾರುತ್ತದೆ, ಲೋಹಕ್ಕೆ ಗಾಯವಾಗುವುದಿಲ್ಲ. ಎರಡನೆಯದು ಕೂತಿತು. ಮೂರನೆಯದು ಅರ್ಧ ಸುತ್ತಿಗೇ ಜಾರಿತು.

"ಇನ್ನು ಒಂದು ಕಾರು!" ಎಂದ ಬಾವುಟದವನು. "ತಾತ, ಸಾಲು ಬಿಡಿ, ಹಿಂದಿನವರು ಬರಲಿ!"

"ತಾತ ನಿಮ್ಮಪ್ಪ," ಎಂದರು ಮಾವ, ತಲೆ ಎತ್ತದೆ. ಪ್ಲಗ್ಗನ್ನು ಹಿಮ್ಮುಖವಾಗಿ ತಿರುಗಿಸಿದರು, ಮತ್ತೆ ತಿರುಗಿಸಿದರು. ಎಲ್ಲೋ ಒಂದು ಸಣ್ಣ 'ಟಿಕ್'. ಅಲ್ಲಿಂದ ಮುಂದಕ್ಕೆ ನುಣ್ಣಗೆ ಇಳಿಯಿತು. ನಾಲ್ಕನೆಯದನ್ನು ಕೂರಿಸಿ, ಸ್ಪ್ಯಾನರಿನಿಂದ ಒಂದೊಂದಕ್ಕೂ ಮಗುವಿನ ಗುಂಡಿ ಹಾಕುವಷ್ಟೇ ಬಿಗಿ ಕೊಟ್ಟು ಹಿಂದೆ ಸರಿದರು. ಎಂಜಿನ್ ಒಂದೇ ಏಟಿಗೆ ಹತ್ತಿತು. ಬಾವುಟ ಬಿತ್ತು.

ಅಲ್ಲಿಂದ ಮುಂದೆ ಕಿವಿ ಬಿಟ್ಟು ಬೇರೇನೂ ಉಪಯೋಗಕ್ಕಿರಲಿಲ್ಲ. ಸೂಪರ್‌ಚಾರ್ಜರಿನ ಕೀಚಲು ಮೊದಲ ತಿರುವಿನ ಹಿಂದೆ ಹೋಯಿತು, ಎರಡನೆಯದರಲ್ಲಿ ಮತ್ತೆ ಕಾಣಿಸಿಕೊಂಡಿತು, ಮೂರನೆಯದರಲ್ಲಿ ನಿಂತೇಹೋಯಿತು. ಸೊಸೆ ಮಾವನ ತೋಳು ಹಿಡಿದಳು. "ಗೇರು," ಎಂದರು ಮಾವ. ಗೇರೇ ಆಗಿತ್ತು. ಸದ್ದು ಮತ್ತೆ ಎದ್ದಿತು, ತೆಳ್ಳಗಾಯಿತು, ದಾರದಷ್ಟಾಯಿತು. ಆಮೇಲೆ ಕೇಳಿಸಲಿಲ್ಲ. ಮುಗಿಯಿತೋ ಮುರಿಯಿತೋ ಎಂದು ಹೇಳುವವರಿರಲಿಲ್ಲ. ಧ್ವನಿವರ್ಧಕ ಗೊರಗೊರ ಎಂದು ಏನೋ ಒಂದು ಸಮಯ ಹೇಳಿ, ಒಂಬತ್ತನೇ ಸ್ಥಾನ ಎಂದಿತು.

ಕೆಟ್ಟ ಕಾರುಗಳನ್ನು ಎಳೆದು ತರಲು ಇಟ್ಟಿದ್ದ ಜೀಪು ಮೇಲಕ್ಕೆ ಹೊರಟಿತ್ತು. ಇಬ್ಬರೂ ಹತ್ತಿಕೊಂಡರು. ಗೆರೆ ದಾಟಿದ ತಕ್ಷಣ ಎಂಜಿನ್ ಆರಿಸಿ, ಉರುಳಿ ನಿಲ್ಲಿಸಿ, ಮತ್ತೆ ಮುಟ್ಟಬೇಡಿ ಎಂದು ಡಾಕ್ಟರಿಗೆ ಸೊಸೆ ಹತ್ತು ಸಲ ಹೇಳಿದ್ದಳು. ಹತ್ತೂ ಸಲ ಅವರು ತಲೆಯಾಡಿಸಿದ್ದರು. ಅವರ ತಲೆಯನ್ನು ನಂಬುವುದು ಹೇಗೆ? ತಿರುವಿಗೊಂದು ಸಲ ಜೀಪಿನಿಂದ ಕತ್ತು ಹೊರಹಾಕಿ, ರಸ್ತೆಯ ಮೇಲೆ ಆಯಿಲ್ ಚೆಲ್ಲಿದೆಯೇ ಎಂದು ನೋಡುತ್ತಿದ್ದಳು.

ಮೇಲೆ ಕಾರು ಬೇಲಿಯ ಪಕ್ಕ ನಿಂತಿತ್ತು. ಡಾಕ್ಟರು ಅದರ ಸುತ್ತ ಸುತ್ತುತ್ತಿದ್ದರು. "ನಾಲ್ಕನೇ ತಿರುವಲ್ಲಿ ಹೆದರಿಬಿಟ್ಟೆ ಕಣಮ್ಮ. ಇಲ್ದಿದ್ರೆ ಐದನೇ ಸ್ಥಾನ ಎಲ್ಲೂ ಹೋಗ್ತಿರಲಿಲ್ಲ. ಮುಟ್ಟಿಲ್ಲ, ಆಣೆ ಇಟ್ಟು ಹೇಳ್ತೀನಿ. ಹೇಗಿದೆ? ಏನಾಗಿದೆ?"

"ಇನ್ನೂ ಬಿಚ್ಚೇ ಇಲ್ವಲ್ಲ ಡಾಕ್ಟ್ರೇ."

ಅವಳು ಮೊದಲ ಪ್ಲಗ್ಗು ಬಿಚ್ಚಿ ಬಟ್ಟೆಯಲ್ಲಿ ಹಿಡಿದಳು. ಬೆಳಕಿಗೆ ತಿರುಗಿಸಿದಳು. ಮಾವ ಪಕ್ಕದಲ್ಲೇ ನಿಂತು ಬೇಲಿಯಾಚೆ ನೋಡುತ್ತಿದ್ದರು. ಅವಳ ಕೈಯತ್ತ ನೋಡಬಾರದೆಂದು ಅವರು ಪಡುತ್ತಿದ್ದ ಪಾಡು ಕತ್ತಿನ ನರದಲ್ಲಿ ಕಾಣುತ್ತಿತ್ತು.

ಹೊರಳಿಸಿ ಇನ್ನೊಮ್ಮೆ ನೋಡಿದಳು.

"ಚೆನ್ನಾಗಿದೆ," ಎಂದಳು.

ಮಾವ ತಿರುಗಿದರು. ಭೂತಗನ್ನಡಿಗೆಂದು ಜೇಬಿಗೆ ಹೋದ ಕೈಯನ್ನು ಬರಿದಾಗಿಯೇ ಹೊರತೆಗೆದರು.

"ಹ್ಞೂಂ," ಎಂದರು. "ಮುಂದಿನದು ಬಿಚ್ಚು."